ಕೊಳಲು ಹಾಕಿದ ಕೂ

ನಾನು ಹುಟ್ಟು ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಎಲ್ಲಾದರೂ ನಾನು ಧೈರ್ಯ ತೋರಿಸುತ್ತೇನೆಂದು ಯಾರೂ ಕಾಯುವುದು ಬೇಡ. ನಾಯಿಗೆ ಹೆದರುತ್ತೇನೆ, ಜೇನಿಗೆ ಹೆದರುತ್ತೇನೆ, ತೋಟದ ಸಾಹುಕಾರರ ಜೀಪು ಗೇಟಿನ ಹತ್ತಿರ ಹಾರ್ನ್ ಮಾಡಿದರೆ ಕೈಯಲ್ಲಿದ್ದ ಪೆನ್ನು ಕೆಳಗೆ ಬೀಳುತ್ತದೆ. ವಯಸ್ಸು ನಲವತ್ತೇಳಾದರೂ ಮದುವೆಯಾಗಿಲ್ಲ, ಅದಕ್ಕೂ ಒಂದಿಷ್ಟು ಧೈರ್ಯ ಬೇಕು. ಕೊಟ್ಟಿಗೆಹಾರದಿಂದ ಸ್ವಲ್ಪ ಒಳಗೆ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್, ಅಂದರೆ ಹಾಜರಿ ಬರೆಯುವ, ಸ್ಟೋರಿನ ಬೀಗದ ಕೈ ಇಟ್ಟುಕೊಳ್ಳುವ ಗುಮಾಸ್ತ. ಯಂತ್ರಕ್ಕೆ ಮಾತ್ರ ನಾನು ಯಾವತ್ತೂ ಹೆದರಿದವನಲ್ಲ. ಕೊಯ್ಲಿನ ಕಾಲದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಪಕ್ಕ ಇಡೀ ದಿನ ನಿಲ್ಲಿಸಿದರೂ ನನಗೆ ಸುಖವೇ. ಅದು ಒಂದೇ ತಾಳದಲ್ಲಿ ಓಡುತ್ತದೆ, ಮುಂದಿನ ಗಳಿಗೆ ಏನು ಮಾಡುತ್ತದೆಂದು ಗೊತ್ತಿರುತ್ತದೆ. ಜೀವವಿರುವ ಯಾವುದರ ಬಗ್ಗೆಯೂ ಹಾಗೆ ಹೇಳಲು ಬರುವುದಿಲ್ಲ.

ಜರ್ಮನಿಯ ಒಂದು ಹಾಡಿನ ತಂಡ ನನಗೆ ಹಿಡಿಸಿದ್ದೂ ಇದೇ ಕಾರಣಕ್ಕೆ. ಚಿಕ್ಕಮಗಳೂರಿನಲ್ಲಿ ಎರಡು ವರ್ಷ ಕಾಲೇಜಿಗೆ ಮಣ್ಣು ಹೊತ್ತಿದ್ದೇನೆ. ಅಲ್ಲಿ ಪ್ಲಾಂಟರ್‌ಗಳ ಮಕ್ಕಳಿಗೆ ವಿದೇಶಿ ಹಾಡು ತುಂಬಿಸಿಕೊಡುತ್ತಿದ್ದ ಒಂದು ಕ್ಯಾಸೆಟ್ ಅಂಗಡಿಯಿತ್ತು. ಒಂದು ಮಧ್ಯಾಹ್ನ ಅದರ ಮುಂದೆ ಬಸ್ಸು ಕಾಯುತ್ತಿದ್ದಾಗ ಒಳಗಿನಿಂದ ಪಲ್ಪರೇ ಹಾಡುತ್ತಿರುವಂಥ ಸದ್ದು ಬಂತು. ಏರಿಲ್ಲ, ಇಳಿವಿಲ್ಲ, ಅಳುವಿಲ್ಲ. ಮನುಷ್ಯರು ಹಾಡುತ್ತಿದ್ದರೂ ಗಂಟಲಿನಲ್ಲಿ ಮನುಷ್ಯರಿರಲಿಲ್ಲ. ಬಸ್ಸು ಹೋಯಿತು. ನಾನು ಕ್ಯಾಸೆಟ್ ಕೊಂಡು ಮುಂದಿನ ಬಸ್ಸಿಗೆ ಬಂದೆ. ಆಮೇಲೆ ಇಪ್ಪತ್ತು ವರ್ಷ ಹೆದರಿಕೆಯಾದಾಗಲೆಲ್ಲ ಅದನ್ನು ಕೇಳಿದ್ದೇನೆ, ಬೇರೆಯವರು ಹನುಮಂತನನ್ನು ನೆನೆಯುವ ಹಾಗೆ.

ಎಸ್ಟೇಟಿಗೆ ನೆಟ್‌ವರ್ಕ್ ಬಂದ ಮೇಲೆ ಫೋನಿನಲ್ಲಿ ಹುಡುಕುತ್ತ ಹುಡುಕುತ್ತ ಅವರ ಮೊದಮೊದಲ ರೆಕಾರ್ಡುಗಳು ಸಿಕ್ಕಿದವು. ಯಂತ್ರವಾಗುವ ಮೊದಲು ಅವರು ಏನು ಮಾಡುತ್ತಿದ್ದರು ಎಂಬುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಅಲ್ಲಿ ಇಲ್ಲಿ ಓದಿ ತಿಳಿದುಕೊಂಡದ್ದು ಇಷ್ಟು: ಸಂಗೀತ ಶಾಲೆಯಲ್ಲಿ ಕಲಿಯುವಾಗ ಇಬ್ಬರು ಜೊತೆಯಾದರು. ಒಬ್ಬ ಕೊಳಲು ಊದುವವನು, ಇನ್ನೊಬ್ಬ ಆರ್ಗನ್ ನುಡಿಸುವವನು. ಕಾರ್ಖಾನೆಗಳ ಊರಿನಲ್ಲಿ ಒಂದು ಜಾಗ ಹಿಡಿದು, ಟೇಪು ಓಡಿಸಿಕೊಂಡು ಸದ್ದು ಹುಡುಕಲು ಕುಳಿತರು. ಡ್ರಮ್ ಬಾರಿಸುವವರು ಬಂದರು, ಹೋದರು. ಯಾರೂ ನಿಲ್ಲದಿದ್ದಾಗ ಆರ್ಗನ್ನಿಗೆಂದು ಸಿಗುವ ತಾಳದ ಪೆಟ್ಟಿಗೆಯನ್ನೇ ಹಾಕಿಕೊಂಡರು. ಕೊಳಲನ್ನು ಪ್ರತಿಧ್ವನಿಯ ಯಂತ್ರದೊಳಗೆ ಹಾಯಿಸಿದರು, ಪಿಟೀಲು ಗೀರಿದರು, ಟೇಪನ್ನು ನಿಧಾನ ಮಾಡಿದರು, ಜೋರು ಮಾಡಿದರು. ಆಮೇಲೆ ಹೆಸರು ಬಂದ ಮೇಲೆ ಆ ಮೊದಲ ರೆಕಾರ್ಡುಗಳನ್ನು ಮತ್ತೆ ಹೊರಗೆ ತರಲೇ ಇಲ್ಲ. ಎರಡನೇ ಮದುವೆಯಾದವನು ಮೊದಲನೆಯವಳ ಫೋಟೋ ಗೋಡೆಯಿಂದ ಇಳಿಸಿದ ಹಾಗೆ ಇಳಿಸಿಬಿಟ್ಟರು. ಈಗ ಓಡಾಡುವುದೆಲ್ಲ ಅಭಿಮಾನಿಗಳು ಕದ್ದುಮುಚ್ಚಿ ಮಾಡಿಕೊಂಡ ಪ್ರತಿಗಳು.

ಅವನ್ನು ಕೇಳಿ ನನಗೆ ಭಯವಾಯಿತು. ಬೆಳಗಿನ ಹತ್ತು ಗಂಟೆಯ ಬಿಸಿಲಿನಲ್ಲಿ ಕೂತು ಕೇಳಿದರೂ ಬೆನ್ನು ತಣ್ಣಗಾಯಿತು. ಆ ಕೊಳಲಿಗೆ ಉಸಿರಿತ್ತು. ಊದುವವನು ಗಾಳಿ ಎಳೆದುಕೊಳ್ಳುವುದು ಕೇಳುತ್ತಿತ್ತು. ನಿಧಾನಕ್ಕೆ ಹೊರಟದ್ದು ಇದ್ದಕ್ಕಿದ್ದಂತೆ ಅಟ್ಟಿಸಿಕೊಂಡು ಬಂದಂತೆ ಓಡುತ್ತಿತ್ತು, ನಿಂತುಬಿಡುತ್ತಿತ್ತು. ಮುಂದೇನಾಗುತ್ತದೆಂದು ಅವರಿಗೇ ಗೊತ್ತಿಲ್ಲ ಅನ್ನಿಸುತ್ತಿತ್ತು. ಹಾಗೆಂದು ಬಿಟ್ಟೆನೇ? ಇಲ್ಲ. ಅಲುಗುವ ಹಲ್ಲನ್ನು ನಾಲಿಗೆ ಬಿಡುವುದಿಲ್ಲವಲ್ಲ, ಹಾಗೆ ಮತ್ತೆ ಮತ್ತೆ ಕೇಳಿದೆ. ಎಲ್ಲಿ ಕೊಳಲು ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದೆಲ್ಲ ಬಾಯಿಪಾಠವಾಯಿತು.

ನನ್ನ ಅಕ್ಕನಿಗೆ ಅದು ಸೇರುತ್ತಿರಲಿಲ್ಲ. ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅಪ್ಪ ಅಮ್ಮ ಬೇಗ ಹೋದರು, ನನ್ನನ್ನು ಸಾಕಿದವಳು ಅವಳೇ. ಭಾವ ತೀರಿಕೊಂಡ ಮೇಲೆ ನನ್ನ ಕ್ವಾರ್ಟರ್ಸಿನಲ್ಲೇ ಇದ್ದಾಳೆ. ಇದೇ ಎಸ್ಟೇಟಿನ ಕಣದಲ್ಲಿ, ಸಿಪ್ಪೆ ಬಿಡಿಸಿ ತೊಳೆದು ಒಣಗಲು ಹರಡಿದ ಪಾರ್ಚ್‌ಮೆಂಟ್ ಕಾಫಿಯನ್ನು ತಿರುವುವ ಕೆಲಸ ಅವಳದು.

“ಇದೆಂತ ಮಾರಾಯ, ಪಲ್ಪರಿಗೆ ಕಲ್ಲು ಸಿಕ್ಕಿದಂಗೆ ಕೇಳ್ತದೆ,” ಅಂದಿದ್ದಳು ಮೊದಲ ಸಲ. ಕೊಳಲು ಬಂದಾಗ ಕಿವಿಗೊಟ್ಟು ಕೇಳಿ, “ಪಾಪ, ಒಳಗೆ ಯಾರೋ ಸಿಕ್ಕಿ ಹಾಕ್ಕಂಡಿದಾರೆ ಕಣಾ. ಬಂದ್ ಮಾಡು,” ಅಂದಳು.

ಇನ್ನು ಆನೆಯ ವಿಷಯ. ನಮ್ಮ ಕಡೆ ಈಗ ಆನೆ ಬರುತ್ತದೆ ಎಂದು ಯಾರೂ ಹೇಳುವುದಿಲ್ಲ, ಇಲ್ಲೇ ಇದೆ. ಪಕ್ಕದ ಎಸ್ಟೇಟಿನಲ್ಲಿ ಹಿಂದಿನ ವರ್ಷ ಮೆಣಸು ಕೊಯ್ಯಲು ಹೋದವರೊಬ್ಬರು ತಿರುಗಿ ಬರಲಿಲ್ಲ. ಅವರ ಚಪ್ಪಲಿ ದಾರಿಯ ಮೇಲೆ ಜೋಡಿಸಿಟ್ಟ ಹಾಗೆ ಇತ್ತಂತೆ. ಅದನ್ನು ಕೇಳಿದ ದಿನದಿಂದ ನಾನು ಲೇಸಿನ ಬೂಟು ಹಾಕುತ್ತಿದ್ದೇನೆ, ಯಾಕೆಂದು ಕೇಳಿದರೆ ನನಗೇ ಗೊತ್ತಿಲ್ಲ. ಆಮೇಲೆ ನಮ್ಮ ಹಳೆಯ ಮೇಸ್ತ್ರಿ, ಆಳುಗಳನ್ನು ನೋಡಿಕೊಳ್ಳುವವರು, ಒಂದು ಕಟ್ಟಳೆ ಮಾಡಿದರು.

ಕಣ ಇರುವುದು ಗುಡ್ಡದ ನೆತ್ತಿಯಲ್ಲಿ, ಪಲ್ಪರ್ ಮನೆಯ ಪಕ್ಕ. ಆಳುಗಳ ಲೈನ್ ಮನೆಗಳಿಂದಾಗಲಿ ನಮ್ಮ ಕ್ವಾರ್ಟರ್ಸಿನಿಂದಾಗಲಿ ಅಲ್ಲಿಗೆ ಬರಬೇಕಾದರೆ ಹಳ್ಳಕ್ಕೆ ಅಡ್ಡ ಹಾಕಿದ ಮರದ ಸಂಕ ದಾಟಿ, ಕಾಫಿ ಗಿಡಗಳ ನಡುವಿನ ಕಾಲುದಾರಿ ಹತ್ತಬೇಕು. ಕೆಳಗಿನವರಿಗೆ ಮೇಲಿನದು ಕಾಣುವುದಿಲ್ಲ. ಮೇಲಿನವರಿಗೆ ಇಡೀ ಇಳಿಜಾರು ಕಾಣುತ್ತದೆ. ಬರುವವರು ಸಂಕದ ಹತ್ತಿರ ನಿಂತು ಕೂ ಹಾಕಬೇಕು. ಮೇಲಿದ್ದವರು ಗಿಡ ಅಲ್ಲಾಡುತ್ತದೆಯೇ ನೋಡಿ, ದಾರಿ ಖಾಲಿ ಇದ್ದರೆ ತಿರುಗಿ ಕೂ ಹಾಕಬೇಕು. ಆನೆ ಇದ್ದರೆ ಸುಮ್ಮನಿರಬೇಕು. ಉತ್ತರ ಬರದಿದ್ದರೆ ಸಂಕ ದಾಟಬಾರದು.

“ಆನೆ ಕಂಡ್ರೆ ಕೂಗಿ ಹೇಳ್ಬಾರ್ದಾ?” ಎಂದು ನಾನೇ ಕೇಳಿದ್ದೆ.

“ನೀವು ಕೂಗಿದ್ರೆ ಅದು ನಿಮ್ ಕಡೆ ತಿರುಗ್ತದೆ ರೈಟ್ರೇ,” ಅಂದರು ಮೇಸ್ತ್ರಿ. “ಅಷ್ಟು ಗುಂಡಿಗೆ ಇದ್ಯಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಂಥ ಕಟ್ಟಳೆ ನನಗಾಗಿಯೇ ಮಾಡಿದಂತಿತ್ತು. ಸುಮ್ಮನಿರುವುದೇ ಕರ್ತವ್ಯವೆಂದರೆ ನನಗಿಂತ ಕರ್ತವ್ಯನಿಷ್ಠ ಎಲ್ಲಿ ಸಿಗುತ್ತಾನೆ.

ಅದೇ ಸಮಯಕ್ಕೆ ಸಾಹುಕಾರರು ಒಂದು ಮೈಕ್ ಸೆಟ್ ತಂದರು. ಪಲ್ಪರ್ ಮನೆಯ ಶೀಟಿನ ಮೇಲೆ ಹಾರ್ನ್ ಕಟ್ಟಿಸಿ, ಆನೆ ತೋಟದ ಯಾವ ಬ್ಲಾಕಿನಲ್ಲಿದೆ ಎಂದು ಬೆಳಗ್ಗೆ ಹಾಜರಿಯ ಹೊತ್ತಿಗೆ ಲೈನಿಗೆಲ್ಲ ಕೇಳುವಂತೆ ಹೇಳುವ ಕೆಲಸ ನನಗೆ ಕೊಟ್ಟರು. ಸುದ್ದಿ ಬರುವುದು ವಾಟ್ಸಾಪ್ ಗ್ರೂಪಿನಲ್ಲಿ. ಆ ಗ್ರೂಪಿನಲ್ಲಿ ಎಲ್ಲರೂ ಇದ್ದೇವೆ, ಆನೆಯೊಂದೇ ಇಲ್ಲ.

ಅದು ಜನವರಿ ತಿಂಗಳು, ಸಂತೆಯ ದಿನ. ಕೆಲಸಕ್ಕೆ ರಜೆ, ಲೈನಿನ ಜನ ಬೆಳಗ್ಗೆಯೇ ಜೀಪು ಹತ್ತಿ ಮೂಡಿಗೆರೆಗೆ ಹೋಗಿದ್ದರು. ಹಿಂದಿನ ಸಂಜೆಯ ಸುದ್ದಿಯ ಪ್ರಕಾರ ಆನೆ ರಸ್ತೆಯ ಆಚೆ ಇತ್ತು. ಪಾರ್ಚ್‌ಮೆಂಟ್ ಒಣಗಲಿಕ್ಕಿದ್ದುದರಿಂದ ರಾತ್ರಿ ಕಾವಲಿನವನ ಕೂ ಕೇಳಿ ನಾನು ಮೊದಲೇ ಮೇಲೆ ಬಂದಿದ್ದೆ, ಅವನೂ ಸಂತೆಗೆಂದು ಇಳಿದು ಹೋಗಿದ್ದ. ಅಕ್ಕ ತಿಂಡಿ ಮುಗಿಸಿ ಬರುವವಳಿದ್ದಳು. ಯಾರೂ ಇಲ್ಲವಲ್ಲ ಎಂದು ನನಗೊಂದು ಆಸೆ ಹುಟ್ಟಿತು. ಆ ಮೊದಲ ರೆಕಾರ್ಡನ್ನು ದೊಡ್ಡ ಹಾರ್ನಿನಲ್ಲಿ, ಗುಡ್ಡಕ್ಕೆಲ್ಲ ಕೇಳುವಂತೆ ಒಂದು ಸಲ ಹಾಕಿ ನೋಡಬೇಕು. ಪಲ್ಪರ್ ಮನೆಗೆ ಅಂಟಿಕೊಂಡ ಸ್ಟೋರಿನೊಳಗೆ ಫೋನನ್ನು ವೈರಿನಿಂದ ಮೈಕ್ ಸೆಟ್ಟಿಗೆ ಸಿಕ್ಕಿಸಿ, ಹಾಡು ಹಾಕಿ, ಹೊರಗೆ ಬಂದು ಕಣದ ಆಚೆ ತುದಿಯಲ್ಲಿ ನಿಂತೆ. ಆರ್ಗನ್ನಿನ ಸದ್ದು ಮಂಜಿನೊಳಗೆ ಹೊಳೆಯ ನೀರಿನಂತೆ ತುಂಬಿಕೊಂಡಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಹೆದರಿಕೆ ಮರೆತೇ ಹೋಗಿತ್ತು.

ಆಗ ಪಲ್ಪರ್ ಮನೆಯ ಗೋಡೆ ಅಲುಗಿತು ಅನ್ನಿಸಿತು. ಗೋಡೆಯಲ್ಲ. ನೀರಿನ ತೊಟ್ಟಿಯ ಪಕ್ಕದಿಂದ ಒಂಟಿ ಸಲಗ ಈಚೆ ಬಂತು.

ನನ್ನ ಪಕ್ಕದಲ್ಲೇ ಕಾಫಿ ತೊಳೆಯುವ ಖಾಲಿ ತೊಟ್ಟಿಯಿತ್ತು, ಅದರ ಕಟ್ಟೆಯ ಹಿಂದೆ ಅಡಗಿದೆ. ನನಗೂ ಸ್ಟೋರಿಗೂ ನಡುವೆ ಆನೆ ನಿಂತಿತ್ತು. ತಲೆಯ ಮೇಲೆ ಹಾರ್ನ್ ಕೂಗುತ್ತಿದ್ದರೂ ಅದಕ್ಕೆ ಏನೂ ಅನ್ನಿಸಿದಂತಿರಲಿಲ್ಲ. ಕಿವಿ ಬೀಸುತ್ತ ನಿಂತು ನೀರು ಕುಡಿಯಿತು. ಆಮೇಲೆ ನಿಧಾನಕ್ಕೆ ತಿರುಗಿ, ಕಾಲುದಾರಿ ಹಿಡಿದು ಸಂಕದ ಕಡೆ ಇಳಿಯಲು ಹೊರಟಿತು.

ಅಷ್ಟರಲ್ಲಿ ಕೆಳಗಿನಿಂದ ಅಕ್ಕನ ಕೂ ಬಂತು.

ನಾನು ಬಾಯಿಗೆ ಕೈ ಒತ್ತಿ ಹಿಡಿದೆ. ಕಟ್ಟಳೆ ಇದೆ, ಉತ್ತರವಿಲ್ಲದಿದ್ದರೆ ಅಕ್ಕ ದಾಟುವುದಿಲ್ಲ, ಸುಮ್ಮನಿದ್ದರೆ ಸಾಕು ಎಂದು ಸಮಾಧಾನ ಮಾಡಿಕೊಂಡೆ. ಆಗಲೇ ಹಾರ್ನಿನಲ್ಲಿ ಆರ್ಗನ್ ಸಣ್ಣಗಾಗುತ್ತ ಬಂತು. ಮುಂದೇನು ಬರುತ್ತದೆಂದು ನನಗೆ ಗೊತ್ತಿತ್ತು. ಈ ರೆಕಾರ್ಡು ನನಗೆ ಬಾಯಿಪಾಠ. ಆರ್ಗನ್ ನಿಲ್ಲುತ್ತದೆ, ಊದುವವನು ಉಸಿರೆಳೆದುಕೊಳ್ಳುತ್ತಾನೆ, ಆಮೇಲೆ ಕೊಳಲು ಒಂದೇ ಒಂದು ಉದ್ದನೆಯ ಸ್ವರ ಹಿಡಿದು, ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಎತ್ತಿ ಬಿಡುತ್ತದೆ. ನಮ್ಮ ಕೂ ಕೂಡ ಹಾಗೆಯೇ.

ಬೇಡ, ಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಯಂತ್ರವೊಂದನ್ನು ಹಾಗೆ ಬೇಡಿಕೊಂಡದ್ದು ಅದೇ ಮೊದಲು. ಆರ್ಗನ್ ನಿಂತಿತು. ಕೊಳಲು ಗುಡ್ಡದ ಮೇಲಿಂದ ಹಳ್ಳದವರೆಗೆ ಒಂದು ಕೂ ಹಾಕಿತು.

ಆಮೇಲೆ ಕೆಳಗೆ ಮಂಜಿನಲ್ಲಿ ನನ್ನದೇ ಹಳೆಯ ಚೌಕುಳಿ ಅಂಗಿ ಕಂಡಿತು. ಕೆಲಸಕ್ಕೆ ಬರುವಾಗ ಅಕ್ಕ ಸೀರೆಯ ಮೇಲೆ ಅದನ್ನು ಹಾಕಿಕೊಳ್ಳುತ್ತಾಳೆ. ಅಂಗಿ ಸಂಕ ದಾಟಿತು. ಗಿಡಗಳ ನಡುವೆ ಮೇಲೇರತೊಡಗಿತು. ಮೇಲಿನಿಂದ ಆನೆ ಇಳಿಯುತ್ತಿತ್ತು, ಕೆಳಗಿನಿಂದ ನನ್ನ ಅಂಗಿ ಹತ್ತುತ್ತಿತ್ತು, ನಡುವೆ ದಾರಿಗೊಂದು ತಿರುವು. ಎರಡೂ ಕಾಣುತ್ತಿದ್ದುದು ನನಗೊಬ್ಬನಿಗೇ.

ಆಗ ಹಾರ್ನಿನಿಂದ ಎರಡನೇ ಸಲ ಅದೇ ಕೊಳಲು ಬಂತು. ಅಂಗಿ ತಟ್ಟನೆ ನಿಂತಿತು. ಯಾಕೆ ನಿಂತಿತೆಂದು ನನಗೆ ಆಗ ತಿಳಿಯಲಿಲ್ಲ. ಅದರ ಬೆನ್ನಿಗೇ ಕರೆಂಟ್ ಹೋಯಿತು.

ಅಂಥ ಮೌನವನ್ನು ನಾನು ಕೇಳಿಲ್ಲ. ಆನೆ ತಿರುವಿನಲ್ಲೇ ನಿಂತು ಸೊಂಡಿಲು ಎತ್ತಿತು. ಅಕ್ಕ ಅದನ್ನು ಕಂಡಳು. ಎರಡು ಹೆಜ್ಜೆ ಹಿಂದೆ ಸರಿದು, ಗಿಡಗಳ ಸಾಲಿನ ನಡುವೆ ನೀರಿಂಗಲು ತೆಗೆದ ಗುಂಡಿಯೊಳಗೆ ಬಿದ್ದಳು. ಅವಳ ಕೈ ಮುರಿದ ಸದ್ದು ನನಗೆ ಕೇಳಿಸಿತು ಎಂದು ಈಗಲೂ ಅನ್ನಿಸುತ್ತದೆ, ಅಷ್ಟು ದೂರಕ್ಕೆ ಕೇಳಿಸಲು ಸಾಧ್ಯವಿಲ್ಲ. ಆನೆ ಗುಂಡಿಯ ಅಂಚಿಗೆ ಹೋಗಿ ತಲೆ ಬಗ್ಗಿಸಿತು.

ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ ಒಂದು ಖಾಲಿ ಡಬ್ಬವೂ ಕಬ್ಬಿಣದ ರಾಡೂ ಇದ್ದವು. ಆನೆ ಓಡಿಸಲೆಂದೇ ಇಟ್ಟದ್ದು. ಬಡಿದರೆ ಆನೆ ನನ್ನ ಕಡೆ ತಿರುಗುತ್ತಿತ್ತು. ಬಡಿಯಲಿಲ್ಲ. ಬಾಯಿ ತೆರೆದರೆ ಸಾಕಿತ್ತು. ತೆರೆಯಲಿಲ್ಲ. ಗಂಟಲು ಕಟ್ಟಿತ್ತು ಎಂದು ಹೇಳಿದರೆ ಅದೂ ಸುಳ್ಳೇ. ಗಂಟಲು ಸರಿಯಾಗಿಯೇ ಇತ್ತು, ನಾನು ಬದುಕಬೇಕು ಎಂದು ಮಾತ್ರ ಇತ್ತು. ನನಗೆ ಗಂಜಿ ಕುಡಿಸಿ ಬೆಳೆಸಿದ ಜೀವ ಗುಂಡಿಯಲ್ಲಿ ಬಿದ್ದಿರುವಾಗ ನಾನು ಕಟ್ಟೆಯ ಹಿಂದೆ ಮೊಣಕಾಲು ಅಪ್ಪಿಕೊಂಡು ಕೂತಿದ್ದೆ.

ಆನೆಗೆ ಏನನ್ನಿಸಿತೋ, ಉಸ್ಸೆಂದು ಉಸಿರು ಬಿಟ್ಟು ಬೇಲಿ ಮುರಿದುಕೊಂಡು ಪಕ್ಕದ ಬ್ಲಾಕಿಗೆ ಹೋಯಿತು. ಅದು ಹೋಗಿ, ಕೊಂಬೆ ಮುರಿಯುವ ಸದ್ದೂ ದೂರವಾದ ಮೇಲೆ ನಾನು ಇಳಿದು ಓಡಿದೆ. ಗುಂಡಿಯಿಂದ ಎತ್ತುವಾಗ ನನ್ನ ಬಾಯಿಂದ ಬಂದ ಮೊದಲ ಮಾತು ಇದು:

“ಎಷ್ಟು ಕೂಗ್ದೆ ಅಕ್ಕ, ಎಷ್ಟು ಕೂಗ್ದೆ! ಆ ದರಿದ್ರ ಹಾಡಲ್ಲಿ ನಿಂಗೆ ಕೇಳ್ಲೇ ಇಲ್ಲ.”

ಅಕ್ಕ ನನ್ನ ಮುಖ ನೋಡಿದಳು.

ಮೂಡಿಗೆರೆ ಆಸ್ಪತ್ರೆಗೆ ಸಾಹುಕಾರರ ಜೀಪಿನಲ್ಲಿ ಹೋಗುವಾಗ, ಮುರಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ತಾನಾಗಿ ಹೇಳಿದಳು. “ಮೊದಲ್ನೇದು ನೀನೇ ಅಂತ ಬಂದೆ. ಎರಡ್ನೇದೂ ಅಷ್ಟೇ ಉದ್ದ, ಅದೇ ಏರು, ಒಂಚೂರೂ ಹೆಚ್ಚುಕಮ್ಮಿ ಇಲ್ಲ. ಉಸಿರಿರೋ ಜೀವ ಒಂದೇ ತರ ಎರಡು ಸಲ ಕೂ ಹಾಕದಿಲ್ಲ ಮಾರಾಯ. ಅದ್ಕೇ ನಿಂತೆ.”

ನೂರು ಸಲ ಕೇಳಿದ ನಾನು ಅದನ್ನು ಗಮನಿಸಿರಲಿಲ್ಲ. ಮೊದಲನೆಯದನ್ನು ಊದಿದವನು ಮನುಷ್ಯ. ಎರಡನೆಯದು ಟೇಪು ಅದನ್ನೇ ತಿರುಗಿ ಹೇಳಿದ್ದು. ಅವರು ಯಂತ್ರವಾಗಲು ಹೊರಟ ಜಾಗ ಬಹುಶಃ ಅದೇ ಇರಬೇಕು. ಇಷ್ಟು ವರ್ಷ ನಾನು ನೆಚ್ಚಿಕೊಂಡಿದ್ದ ಯಂತ್ರ ನನ್ನ ಅಕ್ಕನನ್ನು ಉಳಿಸಿತ್ತು, ನಾನು ಉಳಿಸಿರಲಿಲ್ಲ.

ಒಂದು ಸುಳ್ಳು ಹೇಳಿದ ಮೇಲೆ ಅದನ್ನು ಸಾಕಬೇಕಲ್ಲ. ಸಾಹುಕಾರರಿಗೂ ಅದನ್ನೇ ಹೇಳಿದೆ, ಮೇಸ್ತ್ರಿಗೂ ಅದನ್ನೇ ಹೇಳಿದೆ. ಎರಡು ದಿನ ಗಂಟಲು ಒಡೆದವನ ಹಾಗೆ ಗೊಗ್ಗರು ದನಿಯಲ್ಲಿ ಮಾತಾಡಿದೆ. ತಪ್ಪನ್ನೆಲ್ಲ ಜರ್ಮನಿಯವರ ತಲೆಗೆ ಕಟ್ಟಿ ಕೈ ತೊಳೆದುಕೊಂಡೆ. “ಇನ್ಮೇಲೆ ಮೈಕಲ್ಲಿ ಹಾಡುಗೀಡು ಅಂತ ಹಾಕಿದ್ರೆ ನೋಡಿ,” ಎಂದು ಸಾಹುಕಾರರು ಗದರಿದರು, ಅಷ್ಟೇ. ಲೈನಿನ ಹೆಂಗಸರು ಪಾಪ ರೈಟ್ರು ಎಷ್ಟು ಕೂಗಿದಾರೋ ಅಂದರು. ಅಕ್ಕ ಮುರಿಯದ ಒಂದೇ ಕೈಯಲ್ಲಿ ಶುಂಠಿ ಜಜ್ಜಿ ನನ್ನ ಗಂಟಲಿಗೆ ಕಷಾಯ ಮಾಡಿಕೊಟ್ಟಳು. ನಾನು ಕುಡಿದೆ.

ಬ್ಯಾಂಡೇಜು ಬಿಚ್ಚಿದ ವಾರ ಒಂದು ಬೆಳಗ್ಗೆ ಅಕ್ಕ ಎರಡು ಲೋಟ ಕಾಫಿ ತಂದು ನನ್ನೆದುರು ಕೂತಳು.

“ಆ ಹಾಡು ಹಾಕು,” ಅಂದಳು.

“ಯಾವ್ದು?”

“ಆನೆ ಬಂದಾಗಿಂದು.”

ಫೋನಿನಲ್ಲಿ ಹಾಕಿದೆ. ಅಕ್ಕ ಕಣ್ಣು ಮುಚ್ಚಿ ಕೇಳಿದಳು. ಆರ್ಗನ್ ನಿಂತಿತು, ಕೊಳಲು ಒಂದು ಸಲ ಬಂತು. ಅಕ್ಕ ಅಲುಗಲಿಲ್ಲ. ಎರಡನೇ ಸಲ ಬಂದು ಮುಗಿಯುತ್ತಿದ್ದಂತೆ ಕೈ ಎತ್ತಿದಳು.

“ಇಲ್ಲಿ ಕರೆಂಟ್ ಹೋಯ್ತು. ನಿಲ್ಸು.”

ನಿಲ್ಲಿಸಿದೆ. ಅಕ್ಕ ಲೋಟ ಎತ್ತಿಕೊಂಡು ಕಾಫಿ ಕುಡಿಯತೊಡಗಿದಳು. ಅವಸರವಿಲ್ಲದೆ, ಆರಿಸಿ ಆರಿಸಿ, ಒಂದೊಂದೇ ಗುಟುಕು. ನಾನೇನಾದರೂ ಹೇಳಲು ಹೊರಟರೆ ಕೈ ಅಡ್ಡ ಹಿಡಿಯುತ್ತಿದ್ದಳು. ಹೊರಗೆ ಒಂದು ಕೋಳಿ ಕೆದಕುವ ಸದ್ದು ಬಿಟ್ಟರೆ ಏನೂ ಇಲ್ಲ. ನನ್ನ ಕಾಫಿ ಕೆನೆಗಟ್ಟಿತು. ಅಷ್ಟು ಹೊತ್ತು ಅವಳು ಆ ಗುಂಡಿಯಲ್ಲಿ ಮುರಿದ ಕೈಯ ಮೇಲೆ ಬಿದ್ದುಕೊಂಡು ನನ್ನ ದನಿಗಾಗಿ ಕಾದಿದ್ದಳು. ಅದು ಎಷ್ಟು ಹೊತ್ತೆಂದು ನನಗೆ ಆವತ್ತು ಗೊತ್ತಾಗಿರಲಿಲ್ಲ. ಕೊನೆಯ ಗುಟುಕು ಮುಗಿಸಿ ಲೋಟ ಕೆಳಗಿಟ್ಟಳು.

“ಇಷ್ಟು ಹೊತ್ತು ಸುಮ್ಮನಿತ್ತು,” ಅಂದಳು. “ಹಾಡೂ ಇರ್ಲಿಲ್ಲ, ನೀನೂ ಇರ್ಲಿಲ್ಲ.”

ನಾನು ಅತ್ತೆ. ನಲವತ್ತೇಳರ ಗಂಡಸು ಮೂಗು ಸೋರಿಸಿಕೊಂಡು ಅತ್ತೆ. ಅಕ್ಕ ಸೆರಗಿನಲ್ಲಿ ಮೂಗು ಒರೆಸಲು ಬರಲಿಲ್ಲ, ಸಣ್ಣವನಿದ್ದಾಗ ಬರುತ್ತಿದ್ದಳು.

“ಹೆದ್ರಿದ್ದಕ್ಕೆ ಬೇಜಾರಿಲ್ಲ ಕಣಾ,” ಅಂದಳು. “ಗುಂಡಿಯೊಳಗೆ ನಾನೂ ಉಚ್ಚೆ ಹೊಯ್ಕಂಡಿದ್ದೆ. ನೀ ಹೆದರ್ತಿ ಅಂತ ನಂಗೆ ಗೊತ್ತಿಲ್ದೇ ಇನ್ಯಾರಿಗೆ ಗೊತ್ತು? ಕೂಗ್ದೆ ಅಂದ್ಯಲ, ಅದು. ಇನ್ನು ನೀ ಕೂ ಹಾಕಿದ್ರೆ ದಾರಿ ಖಾಲಿ ಇದೆ ಅಂತ ನಾ ಹ್ಯಾಂಗೆ ನಂಬದು, ಹೇಳು.”

ಆ ರೆಕಾರ್ಡನ್ನು ಅವತ್ತೇ ಫೋನಿನಿಂದ ಅಳಿಸಿದೆ. ಅವರು ಯಾವ ಕಾರಣಕ್ಕೆ ತಮ್ಮ ಮೊದಲ ರೆಕಾರ್ಡುಗಳನ್ನು ಎತ್ತಿಟ್ಟರೋ ನನಗೆ ಗೊತ್ತಿಲ್ಲ, ನಾನು ಅಳಿಸಿದ ಕಾರಣ ಗೊತ್ತು. ಅಳಿಸಿಯೂ ಪ್ರಯೋಜನವಾಗಲಿಲ್ಲ, ಬಾಯಿಪಾಠವಾದದ್ದು ಅಳಿಯುವುದಿಲ್ಲ.

ಈಗಲೂ ಬೆಳಗ್ಗೆ ಅಕ್ಕ ಸಂಕದ ಹತ್ತಿರ ಬಂದು ಕೂ ಹಾಕುತ್ತಾಳೆ. ಕಟ್ಟಳೆ ಕಟ್ಟಳೆಯೇ. ನಾನು ಇಳಿಜಾರನ್ನೆಲ್ಲ ಕಣ್ಣು ಉರಿಯುವವರೆಗೆ ನೋಡಿ, ತಿರುಗಿ ಕೂ ಹಾಕುತ್ತೇನೆ. ಬೇರೆಯವರು ಅದನ್ನು ಕೇಳಿ ಹತ್ತಿ ಬರುತ್ತಾರೆ. ಅಕ್ಕ ಬರುವುದಿಲ್ಲ. ಕೈಯಲ್ಲಿ ಬುತ್ತಿ ಹಿಡಿದು ಅಲ್ಲೇ ನಿಂತಿರುತ್ತಾಳೆ, ನಾನು ಆ ದಾರಿಯಲ್ಲಿ ಇಳಿದು ಹೋಗಿ ಎದುರಿಗೆ ನಿಲ್ಲುವವರೆಗೆ. ಆದ್ದರಿಂದ ದಿನವೂ ಇಳಿಯುತ್ತೇನೆ. ತಿರುವಿನಲ್ಲಿ ಒಣಗಿದೆಲೆ ಬಿದ್ದರೂ ಅಡಗಲು ಗುಂಡಿ ಹುಡುಕುತ್ತೇನೆ. ಅವಳು ನನ್ನ ಮುಖ ನೋಡಿದ ಮೇಲೆಯೇ ಸಂಕದ ಮೇಲೆ ಕಾಲಿಡುತ್ತಾಳೆ. ಹತ್ತುವಾಗ ಅವಳು ಮುಂದೆ, ಕಿವಿಗೊಟ್ಟುಕೊಂಡು. ನಾನು ಅವಳ ಹಿಂದೆ, ಬಾಯಿ ಮುಚ್ಚಿಕೊಂಡು.